ಆರರ ಮೇಲೊಂದು ಆರು

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದ ಸಂಗತಿಯಲ್ಲ. ಅವಳೇ ನನಗೆ ಹೇಳಿದ್ದು, ಅದೂ ಬೀದಿಯಲ್ಲಿ ನಿಂತು, ಪಿಸುಮಾತಿನಲ್ಲಿ. ದೀಪ ಆರಿಸಬೇಕು ಅಂದರೆ ಆರಿಸಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಮಧ್ಯೆ ಮಾತ್ರ ಬಾಯಿ ಹಾಕಬೇಡಿ.

ಅವತ್ತು ಚಿಕ್ಕಪ್ಪನ ಮನೆಯಲ್ಲಿ ಊಟ ಮುಗಿಸಿ ನಾನೂ ಅಕ್ಕನೂ ನಡೆದುಕೊಂಡು ವಾಪಸು ಬರುತ್ತಿದ್ದೆವು. ಹನ್ನೊಂದು ಹೊಡೆದಿತ್ತು. ನಮ್ಮ ಬೀದಿಗೆ ತಿರುಗುವ ಮೊದಲು ಆ ಹಳೇ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಬಲೆ ಹಾಕಿ ಬೀಗ ಜಡಿದಿದ್ದಾರೆ ನೋಡಿ, ಅದೇ. ಒಳಗೆ ಗೋಡೆಗೆ ತಾಗಿಕೊಂಡು ಕಲ್ಲಿನ ಮೆಟ್ಟಿಲುಗಳಿವೆ. ನಾನು ಏನೋ ಹಾಳುಹರಟೆ ಹೊಡೆಯುತ್ತಾ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ತಿರುಗಿ ನೋಡಿದರೆ ಅಕ್ಕ ಬಾವಿಯ ಹತ್ತಿರವೇ ನಿಂತಿದ್ದಾಳೆ. ಬಲೆಯೊಳಕ್ಕೆ ಫೋನಿನ ಬೆಳಕು ಹಿಡಿದಿದ್ದಾಳೆ. ತುಟಿ ಅಲ್ಲಾಡುತ್ತಿದೆ.

"ಏನಕ್ಕಾ?"

"ಹದಿನೇಳು."

"ಏನು ಹದಿನೇಳು?"

"ಕಾಣೋದು ಹದಿನೇಳು ಮೆಟ್ಟಿಲು. ಕೆಳಗೆ ಇನ್ನೆಷ್ಟಿದೆಯೋ..."

ನಾನು ನಕ್ಕುಬಿಟ್ಟೆ. ಅವಳ ಈ ಹುಚ್ಚು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲಿಗೆ ಹೋದರೂ ಮೆಟ್ಟಿಲು ಎಣಿಸುತ್ತಾಳೆ. ನಾನು ಈ ಮನೆಗೆ ಬಂದಾಗ ನೋಡಲು ಬಂದವಳು ಮನೆ ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತು, "ಹತ್ತೊಂಬತ್ತು. ಕೊನೇದು ಗಿಡ್ಡ" ಅಂದಳು. ಆ ಗಿಡ್ಡ ಮೆಟ್ಟಿಲಿಗೆ ಎಡವಿ ನಾನು ಮೂರು ಸಲ ಬಿದ್ದಿದ್ದೇನೆ, ಅದು ಬೇರೆ ವಿಷಯ.

ಅವತ್ತು ಮಾತ್ರ ಅವಳು ನಗಲಿಲ್ಲ. "ಯಾಕೆ ಎಣಿಸ್ತೀನಿ ಅಂತ ಒಂದು ದಿನಾನಾದ್ರೂ ಕೇಳಿದ್ದೀಯೇನೋ?" ಅಂದಳು. ಆಮೇಲೆ ಹೇಳಿದಳು.

ಮೊದಲು ಅವಳ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ. ಅವಳು ಕಟ್ಟಡಗಳ ಒಳಗಿನ ನಕ್ಷೆ ಬರೆಯುತ್ತಾಳೆ. ದೊಡ್ಡ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಎಲ್ಲಿ ಅಂತ ಫೋನಿನಲ್ಲಿ ಕೇಳಿದರೆ "ಎಡಕ್ಕೆ ತಿರುಗಿ, ಎರಡು ಮಹಡಿ ಹತ್ತಿ" ಅನ್ನುತ್ತದಲ್ಲ, ಅದರ ಹಿಂದೆ ಇಂಥವರು ಕೂತಿರುತ್ತಾರೆ. ಕಂಪ್ಯೂಟರಿನಲ್ಲಿ ಒಂದೊಂದು ಮಹಡಿಗೂ ಒಂದೊಂದು ಹಾಳೆ. ಒಂದರ ಮೇಲೊಂದು ಪೇರಿಸುತ್ತಾರೆ. ಆದರೆ ಪೇರಿಸಿದ ಮಾತ್ರಕ್ಕೆ ಆ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಐದರಿಂದ ಆರಕ್ಕೆ ಹೋಗಬಹುದು ಅಂತ ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಅದಕ್ಕೆ ಮೆಟ್ಟಿಲಿರುವ ಕಡೆ ಗೆರೆ ಎಳೆಯುತ್ತಾರೆ. ಹತ್ತುವುದಕ್ಕೆ ಒಂದು ಗೆರೆ, ಇಳಿಯುವುದಕ್ಕೆ ಇನ್ನೊಂದು. ಲಿಫ್ಟ್ ಇರುವ ಕಡೆ ಒಂದು ಚುಕ್ಕಿ, ಎಲ್ಲ ಹಾಳೆಯಲ್ಲೂ ಅದೇ ಜಾಗದಲ್ಲಿ. ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ ಅಂದರೆ ಆ ಮಹಡಿಗೆ ಹೊರದಾರಿಯೇ ಇಲ್ಲ. ಒಳಗಿದ್ದವರು ಒಳಗೇ.

ಅವರ ಆಫೀಸಿನ ಹಿರಿಯರೊಬ್ಬರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಮೇಷ್ಟ್ರದು ಒಂದೇ ಕಟ್ಟಳೆ. ನಿನ್ನ ಕಾಲಲ್ಲಿ ಹತ್ತಿ ಇಳಿಯದ ಮೆಟ್ಟಿಲನ್ನು ಬರೆಯಬೇಡ. ಎಣಿಸು, ಬರೆದುಕೊ, ಆಮೇಲೆ ಗೆರೆ ಎಳೆ.

ಅಕ್ಕ ಒಂದು ಸಲ ಒಂದು ದೊಡ್ಡ ಆಸ್ಪತ್ರೆಯ ನಕ್ಷೆ ಮಾಡಿದಾಗ ಎಲ್ಲ ಮೆಟ್ಟಿಲನ್ನೂ ಹತ್ತಿ ಇಳಿದಿದ್ದಳು, ಒಂದನ್ನು ಬಿಟ್ಟು. ಹಿಂದುಗಡೆಯ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ಇಟ್ಟುಕೊಂಡವನು ರಜೆ ಹಾಕಿದ್ದ. ಎರಡು ಸಲ ಹೋಗಿ ಬಂದಳು. ಮೂರನೇ ಸಲ ಯಾರು ಹೋಗುತ್ತಾರೆ, ಮುಂದಿನ ಮೆಟ್ಟಿಲಿನ ಹಾಗೇ ಇರುತ್ತೆ ಬಿಡು ಅಂತ, ಕೂತಲ್ಲೇ ಬರೆದುಬಿಟ್ಟಳು. ಮೇಷ್ಟ್ರು, "ಹಿಂದಿನದೂ ನಡೆದಿದ್ದೀಯ ತಾನೇ ಅಮ್ಮಾ?" ಅಂತ ಕೇಳಿದರು. "ನಡೆದಿದ್ದೀನಿ ಸರ್" ಅಂದಳು. ಸುಳ್ಳು... ಅಷ್ಟೇ, ಒಂದೇ ಒಂದು ಸುಳ್ಳು.

ನಕ್ಷೆ ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ಹೋಯಿತು. ಮಧ್ಯಾಹ್ನ ಮೂರಕ್ಕೆ ಮೊದಲನೇ ದೂರು ಬಂತು. ನಕ್ಷೆಯಲ್ಲಿ ತಪ್ಪಿದ್ದರೆ ಜನ ಫೋನಿನಿಂದಲೇ ಬರೆದು ಕಳಿಸಬಹುದು, ಅದು ನೇರವಾಗಿ ಅಕ್ಕನಿಗೇ ಬರುತ್ತದೆ. "ಆರನೇ ಮಹಡಿ, ಹಿಂದಿನ ಮೆಟ್ಟಿಲು. ಕೆಳಗೆ ಇಳಿಯಲು ದಾರಿ ತೋರಿಸುತ್ತಿಲ್ಲ."

ಅಕ್ಕ ಕಂಪ್ಯೂಟರಿನಲ್ಲಿ ಆರನೇ ಹಾಳೆ ತೆಗೆದು, ಇಲ್ಲಿಂದ ಗೇಟಿಗೆ ದಾರಿ ತೋರಿಸು ಅಂದಳು. ಥಟ್ಟನೆ ತೋರಿಸಿತು. ಎಲ್ಲ ಸರಿಯಾಗಿದೆಯಲ್ಲ, ಇವರಿಗೇನು ಕಣ್ಣು ಕಾಣಲ್ಲವೇ ಅಂದುಕೊಂಡು "ಪರಿಹಾರವಾಗಿದೆ" ಅಂತ ಒತ್ತಿದಳು. ನಾಲ್ಕಕ್ಕೆ ಅದೇ ಫೋನಿನಿಂದ ಅದೇ ದೂರು. ಮತ್ತೆ ಒತ್ತಿದಳು. ಐದಕ್ಕೆ ಮೂರನೆಯದು ಬಂತು. ಅದರಲ್ಲಿ ಒಂದೇ ಪದ ಇತ್ತು.

"ದಯವಿಟ್ಟು."

ಅದನ್ನೂ ಒತ್ತಿ ಮುಚ್ಚಿದಳು. ಆದರೆ ಆಫೀಸು ಬಿಟ್ಟವಳು ಮನೆಗೆ ಹೋಗಲಿಲ್ಲ, ಸೀದಾ ಆಸ್ಪತ್ರೆಗೆ ಹೋದಳು.

ಹಿಂದಿನ ಬಾಗಿಲು ಈಗ ತೆರೆದಿತ್ತು. "ಇವತ್ತು ಬೆಳಿಗ್ಗೆ ತೆಗೆದ್ವಿ ಮೇಡಂ. ಫೋನಲ್ಲಿ ಈ ಕಡೆ ದಾರಿ ತೋರಿಸ್ತಿದೆ ಅಂತ ಜನ ಬಂದು ಗಲಾಟೆ ಮಾಡ್ತಿದ್ರು" ಅಂದ ಕಾವಲಿನವನು. ಅಕ್ಕ ಒಳಗೆ ಹೋದಳು. ಬೆನ್ನ ಹಿಂದೆ ಬಾಗಿಲಿನ ಸ್ಪ್ರಿಂಗು ಕಿರ್ರ್ ಅಂತ ಎಳೆದು... ಧಪ್.

ಎಣಿಸುತ್ತಾ ಹತ್ತಿದಳು. ಹನ್ನೊಂದು ಮೆಟ್ಟಿಲು, ಒಂದು ತಿರುವು, ಮತ್ತೆ ಹನ್ನೊಂದು. ಮಹಡಿಗೆ ಇಪ್ಪತ್ತೆರಡು. ಮೂರನೇ ಮಹಡಿ ದಾಟುವಾಗ ಅವಳಿಗೆ ಇನ್ನೊಂದು ಸದ್ದು ಕೇಳಿಸಿತು. ಚಟ್... ಚಟ್... ಚಟ್. ರಬ್ಬರ್ ಚಪ್ಪಲಿಯದು, ಮೇಲೆಲ್ಲೋ. ಅವಳು ನಿಂತಳು. ಅದು ಇನ್ನೂ ಎರಡು ಹೆಜ್ಜೆ ಇಟ್ಟು ನಿಂತಿತು. ತನ್ನದೇ ಹೆಜ್ಜೆ ಗೋಡೆಗೆ ಬಡಿದು ವಾಪಸು ಬರುತ್ತಿದೆ ಅಂತ ಸಮಾಧಾನ ಮಾಡಿಕೊಂಡಳು. ಅವಳ ಕಾಲಲ್ಲಿ ಇದ್ದದ್ದು ಬೂಟು. ಅದು ಆಮೇಲೆ ನೆನಪಾಯಿತು.

ಐದು. ಮತ್ತೆ ಇಪ್ಪತ್ತೆರಡು. ಬಾಗಿಲ ಮೇಲೆ ಆರು ಅಂತ ಬರೆದಿತ್ತು. ತಳ್ಳಿದಳು.

ಉದ್ದಕ್ಕೆ ಒಂದು ಓಣಿ, ಎರಡೂ ಕಡೆ ಕೋಣೆಗಳು. ಟ್ಯೂಬ್‌ಲೈಟು ಜುಂಯ್ ಅನ್ನುತ್ತಿತ್ತು. ಯಾರೂ ಇಲ್ಲ. ಆಸ್ಪತ್ರೆ ಅಂದ ಮೇಲೆ ಫಿನಾಯಿಲ್ ವಾಸನೆಯಾದರೂ ಇರಬೇಕಲ್ಲ, ಅದೂ ಇಲ್ಲ. ಕಸದ ಬುಟ್ಟಿ ಇಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ಇಲ್ಲ, ಒಂದು ಮೊಳೆ ಇಲ್ಲ. ಕೋಣೆಗಳಿಗೆ ಬಾಗಿಲಿನ ಜಾಗ ಖಾಲಿ ಬಿಟ್ಟಿದೆ, ಆದರೆ ಬಾಗಿಲೇ ಇಲ್ಲ. ಒಳಗೆ ಮಂಚವಿಲ್ಲ. ಕಿಟಕಿ ಒಂದೂ ಇಲ್ಲ.

ಕಿಟಕಿ ಯಾಕಿಲ್ಲ ಅಂತ ಯೋಚಿಸಿದವಳಿಗೆ ಉತ್ತರ ಹೊಳೆಯಿತಂತೆ. ಯಾಕೆಂದರೆ ಅವಳು ಕಿಟಕಿ ಬರೆದಿರಲಿಲ್ಲ. ಅವರ ನಕ್ಷೆಯಲ್ಲಿ ಕಿಟಕಿ ಬರೆಯುವುದಿಲ್ಲ. ಮಂಚ ಬರೆಯುವುದಿಲ್ಲ, ಕಸದ ಬುಟ್ಟಿ ಬರೆಯುವುದಿಲ್ಲ. ಅವಳು ಬರೆದದ್ದು ಮಾತ್ರ ಅಲ್ಲಿತ್ತು.

ಕಾಯುವವರಿಗೆ ಅಂತ ಒಂದು ಬೆಂಚು ಬರೆದಿದ್ದಳು. ಬೆಂಚು ಇತ್ತು. ಅದರ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಮಡಿಲಲ್ಲಿ ಫ್ಲಾಸ್ಕು.

ಅಕ್ಕ ತಿರುಗಿ ಮೆಟ್ಟಿಲಿಗೆ ಓಡಿದಳು. ಇಪ್ಪತ್ತೆರಡು ಇಳಿದಳು. ಬಾಗಿಲು ಸಿಕ್ಕಿತು. ಬಾಗಿಲ ಮೇಲೆ ಆರು. ತಳ್ಳಿದರೆ ಅದೇ ಓಣಿ, ಅದೇ ಬೆಂಚು, ಅದೇ ಅಜ್ಜಿ. ಮತ್ತೆ ಇಳಿದಳು. ಇಪ್ಪತ್ತು... ಇಪ್ಪತ್ತೊಂದು... ಇಪ್ಪತ್ತೆರಡು. ಆರು.

ಮೂರನೇ ಸಲ ಒಳಗೆ ಬಂದಾಗ ಅಜ್ಜಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. "ನೀನೂ ಸುತ್ತಿ ಬಂದ್ಯಾ ಮಗಳೇ? ಕೂತ್ಕೋ. ಕಾಲು ನೋಯುತ್ತೆ."

"ಎಷ್ಟು ಹೊತ್ತಾಯ್ತು ಅಜ್ಜಿ ಇಲ್ಲಿಗೆ ಬಂದು?"

"ಊಟ ಆದ ಮೇಲೆ ಬಂದೆ. ಮಗಳಿಗೆ ಆಪರೇಷನ್ ಆಗಿದೆ, ಆರನೇ ಮಹಡೀಲೇ ಇದ್ದಾಳೆ. ಬಿಸಿನೀರು ತರೋಕೆ ಕೆಳಗೆ ಹೋಗಿದ್ದೆ. ಕೋಣೆ ಸಿಗ್ತಾ ಇಲ್ಲ. ನೀರು ಆರಿಹೋಗುತ್ತಲ್ಲ ಅನ್ನೋದೇ ನಂಗೆ ಯೋಚನೆ."

"ಆ ದೂರು ಕಳಿಸಿದ್ದು ನೀವೇನಾ?"

ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. ಅದು ಅವಳ ಜೊತೆ ಕೆಲಸ ಮಾಡುವ ಹುಡುಗ. ದಪ್ಪ ಕನ್ನಡಕದವನು, ಸೋಡಾಬುಡ್ಡಿ ಅಂತಲೇ ಕರೆಯುತ್ತಾರೆ. ಅವನಿನ್ನೂ ಆಫೀಸಿನಲ್ಲೇ ಇದ್ದ.

"ಎಲ್ಲಿ ಹೋದೆ ನೀನು? ಮೇಷ್ಟ್ರು ಕೇಳ್ತಿದ್ದಾರೆ."

"ಆಸ್ಪತ್ರೆಯ ಆರನೇ ಹಾಳೆ ತೆಗಿ" ಅಂದಳು ಅಕ್ಕ. "ಅದರ ಅಡಿಯಲ್ಲಿ ಇನ್ನೊಂದು ಇದೆಯಾ ನೋಡು."

ಅವಳಿಗೆ ಅಷ್ಟು ಹೊತ್ತಿಗೆ ಹೊಳೆದಿತ್ತು. ಏಳನೇ ಮಹಡಿಯೂ ಆರರ ಹಾಗೇ ಇತ್ತು. ಅದಕ್ಕೆ ಗೆರೆ, ಚುಕ್ಕಿ ಹಾಕುವ ಮೊದಲೇ ಆರರ ಹಾಳೆಯನ್ನು ನಕಲು ಮಾಡಿ ಏಳು ಅಂತ ಹೆಸರಿಟ್ಟಿದ್ದಳು. ಬೆರಳು ತಪ್ಪಿ ನಕಲನ್ನು ಎರಡು ಸಲ ಒತ್ತಿರಬೇಕು. ಒಂದು ಏಳಾಯಿತು. ಇನ್ನೊಂದು ಆರರ ಅಡಿಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ಕೂತುಬಿಟ್ಟಿತು. ಕಣ್ಣಿಗೆ ಕಾಣುವುದು ಮೇಲಿನದು ಮಾತ್ರ. ಮಧ್ಯಾಹ್ನ ದಾರಿ ಕೇಳಿದಾಗ ಥಟ್ಟನೆ ಉತ್ತರ ಕೊಟ್ಟದ್ದೂ ಮೇಲಿನದೇ.

ಆ ಕಡೆ ಟಕಟಕ ಅಂತ ಕೀಲಿಮಣೆಯ ಸದ್ದು.

"ಹೌದು ಕಣೇ. ಎರಡಿದೆ. ಐದರಿಂದ ಹತ್ತೋ ಗೆರೆ ಈ ಅಡಿಯಲ್ಲಿರೋದಕ್ಕೆ ಅಂಟಿದೆ. ಇಳಿಯೋ ಗೆರೆ ಇದರಿಂದ ಹೊರಟು ಇದಕ್ಕೇ ವಾಪಸು ಬರ್ತಿದೆ. ಲಿಫ್ಟಿನ ಚುಕ್ಕಿ ಇಲ್ಲವೇ ಇಲ್ಲ. ಎಂಥಾ ಕೆಲಸ ಮಾಡಿದ್ದೀಯೇ... ಇರು, ಅಳಿಸಿಬಿಡ್ತೀನಿ."

"ಬೇಡ." ಅಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲವಂತೆ. "ಕೈ ತೆಗಿ. ಏನೂ ಮುಟ್ಟಬೇಡ. ನಾನು ಅದರೊಳಗಿದ್ದೀನಿ."

ಸೋಡಾಬುಡ್ಡಿ ಬಾಯಿ ತೆರೆದರೆ ತಮಾಷೆ ಮಾಡುವವನು. ಅವತ್ತು ಮಾಡಲಿಲ್ಲ. "ಏನು ಮಾಡ್ಲಿ ಹೇಳು" ಅಂದ.

ಅಕ್ಕ ಓಣಿಯ ನಡುವೆ ಬಂದು ನಿಂತಳು. ಲಿಫ್ಟ್ ಇರಬೇಕಾದ ಕಡೆ ಬರೀ ಗೋಡೆ. ಗೋಡೆಗೆ ಕಿವಿ ಇಟ್ಟಳು. ಒಳಗೆ ಗುಂಯ್ ಅಂತ ಲಿಫ್ಟು ಮೇಲೆ ಹೋಯಿತು. ಮೇಲೆಲ್ಲೋ ಟಿಣ್ ಅಂತು. ಜನ ಮಾತಾಡಿಕೊಂಡು ಇಳಿದದ್ದು ಕೇಳಿಸಿತು, ಒಂದು ಮಗು ಅತ್ತದ್ದೂ ಕೇಳಿಸಿತು. ಒಂದು ಗೋಡೆ ಅಷ್ಟೇ ಅಡ್ಡ. ಗುದ್ದಿದಳು, ಕೂಗಿದಳು. ಲಿಫ್ಟು ಗುಂಯ್ ಅಂತ ಅವಳನ್ನು ದಾಟಿಕೊಂಡು ಕೆಳಗೆ ಹೋಯಿತು. ಅವಳು ನನಗೆ ಹೇಳಿದ್ದು ಇಷ್ಟೇ: "ಸತ್ತರೆ ಹೀಗೇ ಇರುತ್ತೇನೋ ಅನ್ನಿಸ್ತು ಕಣೋ. ಎಲ್ಲರೂ ಪಕ್ಕದಲ್ಲೇ ಇರ್ತಾರೆ, ನಮ್ಮ ಹತ್ತಿರ ಯಾರೂ ನಿಲ್ಲಲ್ಲ."

"ಲಿಫ್ಟಿನ ಚುಕ್ಕಿ ಇಡು" ಅಂದಳು ಫೋನಿಗೆ. "ಈ ಅಡಿಯ ಹಾಳೆಯಲ್ಲಿ. ಸರಿಯಾದ ಜಾಗದಲ್ಲಿ."

"ಇಟ್ಟೆ. ಉಳಿಸ್ತಿದ್ದೀನಿ. ಎರಡು ನಿಮಿಷ ಹಿಡಿಯುತ್ತೆ."

"ನಾವು ಲಿಫ್ಟಲ್ಲಿ ಹೊರಟ ಕೂಡ್ಲೇ ಇಡೀ ಹಾಳೆ ಅಳಿಸಿಬಿಡು. ಇನ್ನೊಬ್ಬರು ಬಂದು ಸಿಕ್ಕಿಕೊಳ್ಳಬಾರದು."

"ಅಲ್ಲಿ ಬೇರೆ ಯಾರೂ ಇಲ್ಲ ತಾನೇ?"

ಅಕ್ಕ ಓಣಿಯ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದಳು. ಖಾಲಿ. ಮೆಟ್ಟಿಲಿನ ಬಾಗಿಲು ಮುಚ್ಚಿತ್ತು. ಯಾವ ಸದ್ದೂ ಇರಲಿಲ್ಲ.

"ಇಲ್ಲ. ನಾನು, ಒಬ್ಬರು ಅಜ್ಜಿ. ಅಷ್ಟೇ."

ಅಜ್ಜಿಯನ್ನು ಎಬ್ಬಿಸಿ ತೋಳು ಹಿಡಿದು ಕರೆತಂದಳು. ಎರಡು ನಿಮಿಷ. ಗೋಡೆಯನ್ನೇ ನೋಡುತ್ತಾ ನಿಂತರು. ಯಾವಾಗ ಬದಲಾಯಿತು ಅಂತ ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಕಣ್ಣು ಮಿಟುಕಿಸಿದಳು, ಗೋಡೆ ಇದ್ದ ಕಡೆ ಸ್ಟೀಲಿನ ಬಾಗಿಲಿತ್ತು. ಗುಂಯ್... ಟಿಣ್. ತೆರೆಯಿತು. ಒಳಗೆ ಫಿನಾಯಿಲ್ ವಾಸನೆ. ಅಕ್ಕನಿಗೆ ಆ ವಾಸನೆಗೇ ಅಳು ಬಂತಂತೆ. ಅಜ್ಜಿಯನ್ನು ಒಳಗೆ ಹತ್ತಿಸಿ ತಾನೂ ಹತ್ತಿದಳು. ಬಾಗಿಲಿಗೆ ಬೆನ್ನು ಹಾಕಿ, ಅಜ್ಜಿ ಗೋಡೆಗೆ ಒರಗಿಕೊಳ್ಳಲಿ ಅಂತ ಸರಿಮಾಡಿ ನಿಲ್ಲಿಸಿದಳು. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಲಿಫ್ಟು ಹೊರಟಿತು.

ಅಜ್ಜಿ ಫ್ಲಾಸ್ಕನ್ನು ಎದೆಗೊತ್ತಿಕೊಂಡು ಪಿಸುಗುಟ್ಟಿದರು.

"ಆ ಹುಡುಗೀನೂ ಕರೀಬೇಕಿತ್ತು ತಾಯಿ."

"ಯಾವ ಹುಡುಗಿ?"

"ನನಗೆ ಈ ಫೋನು ಗೀನು ಎಲ್ಲಿ ಬರುತ್ತೆ. ಕೆಳಗೆ ಒಬ್ಬಳು ಹುಡುಗಿ ಸಿಕ್ಕಿದ್ಲು, ಫೋನ್ ನೋಡ್ಕೊಂಡು 'ಬನ್ನಿ ಅಜ್ಜಿ, ಈ ಕಡೆ ಹತ್ತಿರ' ಅಂತ ಅವಳೇ ಕರ್ಕೊಂಡು ಬಂದಿದ್ದು. ಪಾಪ, ನೀವು ಕೂತಿರಿ, ನಾನು ದಾರಿ ಹುಡುಕ್ತೀನಿ ಅಂತ ಆಗಿನಿಂದ ಮೆಟ್ಟಿಲು ಹತ್ತಿ ಇಳಿದು ಮಾಡ್ತಾನೇ ಇದ್ದಾಳೆ. ಚಪ್ಪಲಿ ಸದ್ದು ಕೇಳಿಸಲಿಲ್ವಾ ನಿನಗೆ?"

ಅಕ್ಕ ಫೋನು ನೋಡಿದಳು. ಲಿಫ್ಟಿನೊಳಗೆ ಸಿಗ್ನಲ್ ಇಲ್ಲ. ಎಲ್ಲ ಮಹಡಿಯ ಗುಂಡಿಯನ್ನೂ ಒತ್ತಿದಳು. ಲಿಫ್ಟು ನಿಲ್ಲಲಿಲ್ಲ. ಐದು. ನಾಲ್ಕು. ಬಾಗಿಲು ಬಡಿದಳು. ಮೂರು. ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಎರಡು. "ಬೇಡ ಕಣೋ, ಅಳಿಸಬೇಡ ಕಣೋ" ಅಂತ ಯಾರಿಗೂ ಕೇಳದ ಫೋನಿಗೆ ಹೇಳುತ್ತಲೇ ಇದ್ದಳು. ಒಂದು.

ಕೆಳಗೆ ಬಾಗಿಲು ತೆರೆದಾಗ ಫೋನಿನಲ್ಲಿ ಸೋಡಾಬುಡ್ಡಿಯ ಸಂದೇಶ ಬಂದು ಕೂತಿತ್ತು. "ಅಳಿಸಿದೆ. ಈಗ ಒಂದೇ ಇದೆ. ಬಂದ್ಯಾ?"

ಆಮೇಲೆ ಏನೇನು ಮಾಡಬಹುದೋ ಎಲ್ಲ ಮಾಡಿದರು. ಅಜ್ಜಿಯನ್ನು ಅಳಿಯ ಬಂದು ಕರೆದುಕೊಂಡು ಹೋದ, ಮಧ್ಯಾಹ್ನದಿಂದ ಹುಡುಕಿ ಸುಸ್ತಾಗಿದ್ದ. ಅಕ್ಕ ಕಾವಲಿನವನನ್ನು ಎಳೆದುಕೊಂಡು ಹಿಂದಿನ ಮೆಟ್ಟಿಲನ್ನು ಏಳರವರೆಗೂ ಹತ್ತಿ ಇಳಿದಳು. ಆರರಲ್ಲಿ ಮಂಚ, ಬಕೆಟ್ಟು, ಕಿಟಕಿ, ಗೊಣಗುವ ರೋಗಿಗಳು. ಮೇಷ್ಟ್ರ ಮುಂದೆ ಕೂತು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು. ಮೇಷ್ಟ್ರು ಬಯ್ಯಲಿಲ್ಲ. ಹಳೇ ಪ್ರತಿಯಿಂದ ಆ ಹಾಳೆಯನ್ನು ಹುಡುಕಿ ತೆಗೆದು ಮತ್ತೆ ಸೇರಿಸಿದರು, ಈ ಸಲ ಇಳಿಯುವ ಗೆರೆಯ ಜೊತೆ. ಅಕ್ಕ ಮತ್ತೆ ಹತ್ತಿದಳು. ಇಪ್ಪತ್ತೆರಡು, ಬಾಗಿಲು, ಆರು... ಒಳಗೆ ಮಂಚ, ಬಕೆಟ್ಟು, ಕಿಟಕಿ. ಹಾಳೆ ವಾಪಸು ಬಂದಿತ್ತು. ಆ ಜಾಗ ಬರಲಿಲ್ಲ.

ಪೊಲೀಸರನ್ನೂ ಕೇಳಿದರು. ಅಂಥ ಹುಡುಗಿ ಕಾಣೆಯಾಗಿದ್ದಾಳೆ ಅಂತ ಯಾರೂ ದೂರು ಕೊಟ್ಟಿರಲಿಲ್ಲ. ಆ ಫೋನಿನ ನಂಬರು ಯಾರ ಹೆಸರಿನಲ್ಲೂ ಇರಲಿಲ್ಲ.

ಇಷ್ಟು ಹೇಳಿ ಅಕ್ಕ ಬಾವಿಯ ಕಟ್ಟೆಗೆ ಒರಗಿದಳು. ಅಷ್ಟರಲ್ಲಿ ಅವಳ ಫೋನು ಠಣ್ ಅಂತು. ಅವಳು ನೋಡಲೂ ಇಲ್ಲ, ನನ್ನ ಕೈಗೆ ಕೊಟ್ಟಳು.

ದೂರಿನ ಹಾಳೆ. ಕಟ್ಟಡ ಅಂತ ಇರುವ ಕಡೆ ಖಾಲಿ. ಮಹಡಿ ಅಂತ ಇರುವ ಕಡೆ ಖಾಲಿ. ಕೆಳಗೆ ನಾಲ್ಕು ಸಾಲು.

"ಲಿಫ್ಟ್ ಬಂದ ಸದ್ದು ಕೇಳಿಸಿತು. ಓಡಿ ಬಂದೆ. ಬಾಗಿಲು ಮುಚ್ಚುತ್ತಿತ್ತು. ನಿಮ್ಮ ಬೆನ್ನು ಕಾಣಿಸಿತು."

"ಎಷ್ಟು ದಿನದಿಂದ ಬರ್ತಿದೆ ಅಕ್ಕಾ?"

"ಎರಡು ವರ್ಷ ಆಯ್ತು. ದಿನಾ. ಒಂದಕ್ಷರ ಬದಲಾಗಲ್ಲ." ಫೋನು ವಾಪಸು ತೆಗೆದುಕೊಂಡಳು. "ಇದನ್ನ ಮಾತ್ರ ನಾನು ಮುಚ್ಚಿಲ್ಲ. ಅದಕ್ಕೇ ಎಣಿಸೋದು. ನಾನು ಕಾಲಿಟ್ಟ ಪ್ರತಿಯೊಂದು ಮೆಟ್ಟಿಲನ್ನೂ ನಕ್ಷೆಯಲ್ಲಿ ಆ ಖಾಲಿ ಮಹಡಿಗೆ ಗೆರೆ ಎಳೆದು ಜೋಡಿಸ್ತಾ ಬಂದಿದ್ದೀನಿ. ಅಂಗಡಿದು, ಸ್ಟೇಷನ್ನಿಂದು, ನೆಂಟರ ಮನೇದು. ಯಾವುದಾದ್ರೂ ಒಂದರಲ್ಲಿ ಅವಳು ಹೊರಗೆ ಬರ್ಲಿ ಅಂತ." ಬಾವಿಯ ಕಡೆ ನೋಡಿದಳು. "ಇದನ್ನ ಇಳಿದು ಹತ್ತೋಕಾಗಲ್ಲ. ಬೀಗ ಹಾಕಿದ್ದಾರೆ. ಅದಕ್ಕೆ ಬರೆದಿಲ್ಲ."

ಮನೆಯ ಗೇಟಿನ ಹತ್ತಿರ ಬಂದ ಮೇಲೆ, ನನ್ನ ಮುಖ ನೋಡದೆ ಅಂದಳು: "ನಿನ್ನ ಮನೇದೂ ಬರೆದಿದ್ದೀನಿ. ಬೇಜಾರು ಮಾಡ್ಕೋಬೇಡ."

ಬೇಜಾರೇನೂ ಮಾಡಿಕೊಳ್ಳಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನೂ ಅಲ್ಲ. ಆದರೆ ಆದದ್ದನ್ನು ಆದ ಹಾಗೆ ಹೇಳಬೇಕಲ್ಲ. ಈಗೊಂದು ವಾರದಿಂದ, ಎಲ್ಲರೂ ಮಲಗಿದ ಮೇಲೆ, ಹೊರಗೆ ನಮ್ಮ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಕೇಳಿಸುತ್ತಿದೆ. ಚಟ್... ಚಟ್... ಚಟ್. ಹನ್ನೊಂದು ಹೆಜ್ಜೆ, ತಿರುಗಿದ ಹಾಗೆ ಒಂದು ಚೂರು ತಡ, ಮತ್ತೆ ಹನ್ನೊಂದು. ನಾನು ಹಾಸಿಗೆಯಲ್ಲಿ ಎದ್ದು ಕೂತು, ನಾಲ್ಕು ರಾತ್ರಿ, ಬೆರಳು ಮಡಚಿ ಎಣಿಸಿದ್ದೇನೆ. ಇಪ್ಪತ್ತೆರಡು.

ನಮ್ಮ ಮನೆಯದು ಹತ್ತೊಂಬತ್ತೇ. ತಿರುವೂ ಇಲ್ಲ. ಈಗ ಇಳಿದು ಹೋಗುತ್ತೀರಲ್ಲ, ನೀವೇ ಎಣಿಸಿಕೊಳ್ಳಿ.